ಗಾಡಿ ಆರುವ ಹೊತ್ತು

ನಮ್ಮತ್ತೆಯ ಬಾಯಲ್ಲಿ ಕೆಲವು ಮಾತು ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಅಕ್ಕಿ ತೀರಿದರೆ "ಅಕ್ಕಿ ಹೆಚ್ಚ್ಯಾವ" ಅನ್ನಬೇಕು. ಬಳೆ ಒಡೆದರೂ ಅಷ್ಟೇ, "ಬಳಿ ಹೆಚ್ಚಿದ್ವು". ಹೊರಗೆ ಹೊರಟವರು ಬಾಯಿ ತಪ್ಪಿ "ಹೋಗ್ತೀನಿ" ಅಂದರೆ ಹೊಸ್ತಿಲಿಂದ ಹಿಂದಕ್ಕೆ ಕರೆದು, ಒಂದು ಗುಟುಕು ನೀರು ಕುಡಿಸಿ, "ಬರ್ತೀನಿ" ಅನಿಸಿಯೇ ಕಳಿಸುವವರು. ದೀಪ ಆರಿಸು ಅನ್ನುವುದಂತೂ ಮಹಾಪಾಪ. "ದೀಪ ದೊಡ್ಡದ ಮಾಡು" ಅನ್ನಬೇಕು. ವಿಜಾಪುರದ ಕಡೆಯಿಂದ ಮುಂಬಯಿಯ ಕುರ್ಲಾದ ಚಾಳಿಗೆ ಬರುವಾಗ ಅವರು ಹಿತ್ತಾಳೆಯ ಕೊಡವೊಂದರ ಜೊತೆ ಈ ತಿರುವುಮುರುವು ಭಾಷೆಯನ್ನೂ ಹೊತ್ತು ತಂದಿದ್ದರು. ಕೊಡ ಸೋರತೊಡಗಿ ತೂಕಕ್ಕೆ ಹೋಯಿತು. ಭಾಷೆ ಮಾತ್ರ ಗಟ್ಟಿಯಾಗಿ ಉಳಿಯಿತು. ಅದರೊಳಗಿನ ಒಂದು ಮಾತಿನಿಂದ ನನಗೆ ನನ್ನ ಗಂಡನ ಜೊತೆ ಒಂದು ಇಡೀ ದಿನ ಸಿಕ್ಕಿತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮದುವೆಯಾಗಿ ಹೊಸದಾಗಿ ಆ ಚಾಳಿಗೆ ಬಂದಿದ್ದೆ. ಇದ್ದದ್ದು ಒಂದೇ ಖೋಲಿ. ಅದರಲ್ಲಿ ಅತ್ತೆ, ನಾವಿಬ್ಬರು. ಮೈದುನ ಹೊರಗೆ ಗ್ಯಾಲರಿಯಲ್ಲಿ ಮಲಗುತ್ತಿದ್ದ. ನಡುವೆ ನನ್ನದೇ ಒಂದು ಹಳೆಯ ಸೀರೆ ಪರದೆಯಾಗಿ ತೂಗುತ್ತಿತ್ತು. ಆ ಪರದೆಯ ಈಚೆ ಪಿಸುಗುಟ್ಟಿದರೆ ಆಚೆಯಿಂದ ಅತ್ತೆ ಕೆಮ್ಮುವರು. ಅತ್ತೆ ಕೆಮ್ಮಿದರೆ ಪಕ್ಕದ ಖೋಲಿಯವರು ಗೋಡೆಯಾಚೆಯಿಂದ "ಔಷಧ ಬೇಕೇನು?" ಎಂದು ಕೇಳುವರು. ಇಂಥಲ್ಲಿ ಹೊಸ ಗಂಡಹೆಂಡತಿ ಏನು ಮಾತಾಡಿಯಾರು! ಉಪ್ಪು ಹೆಚ್ಚಾಯಿತೇ, ಕಡಿಮೆಯಾಯಿತೇ, ಅಷ್ಟೇ ನಮ್ಮ ಸಂಸಾರದ ಸಂಭಾಷಣೆ.

ನಮ್ಮ ಮನೆಯವರದು ಸ್ವಂತ ಟ್ರಕ್ಕು. ಸ್ವಂತ ಅಂದಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಯಾವ ಕಾಲದ್ದೋ ಏನೋ, ಮೂತಿ ಮುಂದಕ್ಕೆ ಚಾಚಿದ, ಎರಡು ಸಲ ಬಣ್ಣ ಬದಲಿಸಿದ ಮುದಿ ಗಾಡಿ. ನಾಸಿಕದ ಕಡೆಯಿಂದ ಈರುಳ್ಳಿ ತರುವುದು, ಇಲ್ಲಿಂದ ಸಿಕ್ಕ ಸಾಮಾನು ಹೇರಿಕೊಂಡು ಹೋಗುವುದು. ಘಾಟಿಯನ್ನು ಅದು ಮುಲುಗುತ್ತಲಾದರೂ ಹತ್ತಿ ಇಳಿಯುತ್ತಿತ್ತು. ಅದರ ಗ್ರಹಚಾರ ಇದ್ದದ್ದು ಮುಲುಂಡಿನ ಜಕಾತಿ ನಾಕಾದಲ್ಲಿ. ಊರೊಳಗೆ ಬರುವ ಗಾಡಿಗಳೆಲ್ಲ ಸುಂಕ ಕಟ್ಟಲು ಅಲ್ಲಿ ಸಾಲು ನಿಂತು, ಆಮೆಯ ಹಾಗೆ ಒಂದೊಂದೇ ಗಾಲಿಯುದ್ದ ಮುಂದೆ ಸರಿಯಬೇಕು. ನಮ್ಮ ಗಾಡಿ ಅಲ್ಲಿ ಕುದಿಯುತ್ತಿತ್ತು.

ಯಾಕೆ ಕುದಿಯುತ್ತದೆಂದು ಇವರೇ ನನಗೆ ಒಮ್ಮೆ ತಿಳಿಸಿ ಹೇಳಿದ್ದರು. ಇಂಜಿನ್ನಿನ ಬಿಸಿನೀರು ಮೂತಿಯಲ್ಲಿರುವ ರೇಡಿಯೇಟರಿಗೆ ಬಂದು ತಣ್ಣಗಾಗುತ್ತದೆ. ಅದಕ್ಕೆ ಗಾಳಿ ಹಾಕಲು ಹಿಂದೆ ಒಂದು ಪಂಖ. ಆ ಪಂಖವನ್ನು ತಿರುಗಿಸುವುದು ಇಂಜಿನ್ನೇ, ಒಂದು ಪಟ್ಟಿಯಿಂದ. ಇಂಜಿನ್ ಓಡಿದರೆ ಪಂಖವೂ ಓಡುತ್ತದೆ, ಇಂಜಿನ್ ನಿಂತಲ್ಲೇ ಗುರುಗುಟ್ಟಿದರೆ ಪಂಖವೂ ತೂಕಡಿಸುತ್ತದೆ. ಬೇಗೆ ಏರುವ ಹೊತ್ತಿಗೇ ಗಾಳಿ ಇಲ್ಲ. "ಥೇಟ್ ನಮ್ಮವ್ವನಂಗ," ಅಂದಿದ್ದರು ಇವರು. "ಹಸಿವಿ ಇದ್ದಾಗ ಏನೂ ಕೇಳಂಗಿಲ್ಲ, ಹೊಟ್ಟಿ ತುಂಬಿದಮ್ಯಾಲ ಬಡಸ್ತಾಳ."

ನಾಕಾ ದಾಟಿ ಕುರ್ಲಾ ತಲುಪುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಚಾಳಿನ ಹಿಂದಿನ ಗೋಡೆಯುದ್ದಕ್ಕೂ ಗಾಡಿ ನಿಲ್ಲಿಸುವ ಜಾಗ. ಹಳೆಯ ಪಂಖದ ಭರ್‍ರೆನ್ನುವ ಸದ್ದು ತಿರುವಿನಲ್ಲೇ ಕೇಳಿಸುತ್ತಿತ್ತು. ನನ್ನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಲ್ಲುತ್ತಿತ್ತು. ಕುದಿಯುವ ಗಾಡಿಗೆ ತಕ್ಷಣ ನೀರು ಹಾಕುವಂತಿಲ್ಲ. ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ಹಾರುತ್ತದೆ. ಬಾನೆಟ್ ಎತ್ತಿಟ್ಟು, ಅದು ತಾನಾಗಿ ಆರುವವರೆಗೂ ಕಾಯಬೇಕು, ಆಮೇಲೆ ನೀರು ತುಂಬಬೇಕು. ಹೀಗಾಗಿ ಅತ್ತೆಯೇ ನನಗೆ ಅಪ್ಪಣೆ ಕೊಡುವರು: "ಬಕೀಟ್‌ನ್ಯಾಗ ನೀರ ಒಯ್ದು ಕೊಡವಾ. ಬರೋಬ್ಬರಿ ಆರಿದಮ್ಯಾಲ ಹಾಕ್ಲಿ." ನಾನು ಒಂದು ಕೈಯಲ್ಲಿ ಬಕೇಟು, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಕ್ಲೀನರ್ ಹುಡುಗ ತಿರುವಿನಲ್ಲೇ ಇಳಿದು ತನ್ನ ಮನೆಗೆ ಹೋಗಿರುತ್ತಿದ್ದ. ನಾವಿಬ್ಬರೂ ಕ್ಯಾಬಿನ್ನಿನಲ್ಲಿ ಕೂತು, ಗಾಡಿ ಆರುವುದನ್ನು ಕಾಯುತ್ತಿದ್ದೆವು.

ಅಷ್ಟೇ ನಮ್ಮ ಏಕಾಂತ. ಈರುಳ್ಳಿಯ ಘಾಟು, ಕಾದ ಕಬ್ಬಿಣದ ವಾಸನೆ, ಬಾನೆಟ್ಟಿನೊಳಗೆ ಟಿಕ್ ಟಿಕ್ ಎಂದು ಲೋಹ ಕುಗ್ಗುವ ಸದ್ದು. ಇವರು ಒಂದೇ ಲೋಟದಿಂದ ಅರ್ಧ ಕುಡಿದು ಉಳಿದರ್ಧ ನನಗೆ ಕೊಡುವರು. ದಾರಿಯಲ್ಲಿ ಕಂಡದ್ದನ್ನು ಹೇಳುವರು. ನಾನು ಅತ್ತೆಯ ಹಾಗೆ ಮಾತಾಡಿ ತೋರಿಸುವೆ. ಇವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗುವರು. ಆ ನಗು ಖೋಲಿಯೊಳಗೆ ನಾನು ಒಂದು ದಿನವೂ ಕೇಳಿದ್ದಿಲ್ಲ. ನನ್ನ ಗಂಡ ನನಗೆ ಸಿಗುತ್ತಿದ್ದದ್ದು ಒಂದು ಮುದಿ ಇಂಜಿನ್ ಆರುವಷ್ಟು ಹೊತ್ತು. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ. ಜುಲೈ ತಿಂಗಳನ್ನು ನಾನು ಬೈದಷ್ಟು ಮುಂಬಯಿಯಲ್ಲಿ ಯಾರೂ ಬೈದಿರಲಾರರು.

ಹಾಗಿದ್ದೂ ಆ ಗಾಡಿಗೆ ಹೊಸ ಪಂಖ ಹಾಕಿಸಿ ಎಂದು ದುಂಬಾಲು ಬಿದ್ದವಳು ನಾನೇ. ನಾಕಾದಲ್ಲಿ ಹಿಂದಿನ ಗಾಡಿಗಳು ಹಾರನ್ ಬಾರಿಸಿ ಜೀವ ತಿಂದವೆಂದು ಇವರು ಒಮ್ಮೆ ಅವಸರದಲ್ಲಿ ಮುಚ್ಚಳ ತಿರುಗಿಸಿ, ಮೊಳಕೈವರೆಗೂ ಸುಟ್ಟುಕೊಂಡು ಬಂದರು. ಬೊಬ್ಬೆಗಳಿಗೆ ಎಣ್ಣೆ ಹಚ್ಚುತ್ತಾ ನಾನು ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಗಂಡನ ಕೈ ಉಳಿಯಲಿ, ಬೇಗ ಮನೆಗೆ ಬರಲಿ ಅಂತಲೇ ನನ್ನ ಆಸೆ. ಬೇಗ ಬಂದವರು ಬೇಗ ಹೊರಡಲೂಬಹುದು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮೈದುನ ಕುರ್ಲಾದಲ್ಲೇ ಮೋಟಾರು ರಿಪೇರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸುಟ್ಟ ಮೋಟಾರುಗಳ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಸಣ್ಣವನಿದ್ದಾಗಿನಿಂದ ಬೊರಿವಲಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದವನು. ಮಾವನ ಹೆಂಡತಿ ಹಿಂದಿಯವರು, ಹಾಗಾಗಿ ಅಲ್ಲಿ ಮನೆಯಲ್ಲೂ ಹಿಂದಿ, ಶಾಲೆಯಲ್ಲೂ ಹಿಂದಿ. ಕನ್ನಡ ಅವನಿಗೆ ತಿಳಿಯುತ್ತಿತ್ತು, ಆದರೆ ಕಾಲು ಮುರಿದ ಕುರ್ಚಿಯ ಹಾಗೆ ಎಲ್ಲಿ ವಾಲುತ್ತದೋ ಹೇಳಲಾಗುತ್ತಿರಲಿಲ್ಲ. "ಅಣ್ಣಾ, ಪಂಖಾಕ್ಕ ಅಲಗ್ ಮೋಟರ್ ಹಾಕೋಣ," ಅಂದ. "ಬ್ಯಾಟರಿ ಮ್ಯಾಲೆ ಚಲ್ತಾ ರಹೇಗಾ. ಇಂಜಿನ್ ಸ್ಲೋ ಇದ್ರೂ ಪಂಖಾ ಫಾಸ್ಟ್. ಇಂಜಿನ್ ಬಂದ್ ಇದ್ರೂ ಪಂಖಾ ಚಾಲೂ."

ಗುಜರಿಯಲ್ಲಿ ಯಾವುದೋ ಪರದೇಶಿ ಕಾರಿನ ಸುಟ್ಟ ಪಂಖದ ಮೋಟಾರು ಅವನಿಗೆ ಸಿಕ್ಕಿತು. ಬಿಡುವಿದ್ದಾಗೆಲ್ಲ ಗ್ಯಾಲರಿಯಲ್ಲಿ ಕೂತು ಅದಕ್ಕೆ ತಂತಿ ಸುತ್ತಿದ. ಒಂದು ರವಿವಾರ ಹಳೆಯ ಪಂಖವನ್ನು ಕಿತ್ತು, ರೇಡಿಯೇಟರಿನ ಮುಂದೆ ಕಬ್ಬಿಣದ ಚೌಕಟ್ಟು ಕಟ್ಟಿ ಹೊಸದನ್ನು ಕೂರಿಸಿದ. ಸ್ಟಿಯರಿಂಗಿನ ಪಕ್ಕಕ್ಕೆ ಒಂದು ಗುಬಟಿ. ಒಂದು ಸಲ ತಿರುಗಿಸಿದರೆ ಸಣ್ಣ ಗಾಳಿ, ಇನ್ನೊಂದು ಸಲಕ್ಕೆ ದೊಡ್ಡ ಗಾಳಿ, ಹಿಂದಕ್ಕೆ ತಿರುಗಿಸಿದರೆ ಬಂದ್.

ಪೂಜೆಯಿಲ್ಲದೆ ಚಾಲೂ ಮಾಡಲು ಅತ್ತೆ ಬಿಟ್ಟಾರೆಯೇ? ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಆರತಿಯ ತಟ್ಟೆ ಹಿಡಿದು ಗಾಡಿಯ ಮೂತಿಗೆ ಎದುರಾಗಿ ನಿಂತರು. ಚಾಳಿಗೆ ಚಾಳೇ ನೋಡಲು ಬಂದಿತ್ತು. ಮೈದುನ ಗುಬಟಿ ತಿರುಗಿಸಿದ. ತಂತಿ ಅದಲುಬದಲಾಗಿದ್ದವೋ ಏನೋ, ಪಂಖ ಉಲ್ಟಾ ತಿರುಗಿತು. ಒಳಕ್ಕೆ ಹೋಗಬೇಕಾದ ಗಾಳಿ ಹೊರಕ್ಕೆ ಬಂದು, ರೇಡಿಯೇಟರಿನಲ್ಲಿ ವರ್ಷಗಟ್ಟಲೆ ಸೇರಿದ್ದ ಈರುಳ್ಳಿ ಸಿಪ್ಪೆ, ಧೂಳು, ಕುಂಕುಮ ಎಲ್ಲವೂ ಅತ್ತೆಯ ಮುಖಕ್ಕೆ ರಾಚಿತು. ಆರತಿ ಫಕ್ಕನೆ ಆರಿಹೋಯಿತು.

ಅಂಥ ಸಿಟ್ಟಿನಲ್ಲೂ ಅತ್ತೆ ಮಾತು ತಪ್ಪಲಿಲ್ಲ. ತಟ್ಟೆ ನೋಡಿ, ಮಗನನ್ನು ನೋಡಿ, "ದೊಡ್ಡದಾತಲ್ಲೊ!" ಅಂತ ಒದರಿದರು.

ಮೈದುನ ಹಿಗ್ಗಿ ಹೀರೇಕಾಯಿಯಾದ. "ಹೌದಲ್ಲವ್ವಾ?" ಅಂದ. "ಭಾಳ ದೊಡ್ಡದು! ಇನ್ನೂ ದೊಡ್ಡದ ಮಾಡ್ಲಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಗಾಡಿಯ ಮರೆಗೆ ಹೋಗಿ ಬಾಗಿ ಹೊಟ್ಟೆ ಹಿಡಿದುಕೊಂಡರು. ದೇವರ ದೀಪವನ್ನು ಅತ್ತೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪಾಪ, ಬೊರಿವಲಿಯಲ್ಲಿ ಬೆಳೆದ ಹುಡುಗನಿಗೆ ಈ ಮಾತಿನ ಒಳಗುಟ್ಟು ಯಾರು ಕಲಿಸಬೇಕಿತ್ತು? ಆ ಗಲಾಟೆಯಲ್ಲಿ ಆಮೇಲೂ ಯಾರೂ ಕಲಿಸಲಿಲ್ಲ. ಅಂದಿನಿಂದ ಇವರು ತಮ್ಮನಿಗೆ ಪಂಖದ ವಿಷಯ ಹೇಳುವಾಗ ಹಿಂದಿಯಲ್ಲೇ ಹೇಳುತ್ತಿದ್ದರು. "ಬಂದ್ ಕರ್ ದೇ," "ಚಾಲೂ ಕರ್ ದೇ."

ತಂತಿ ತಿರುವಿಹಾಕಿದ ಮೇಲೆ ಪಂಖ ಸರಿಹೋಯಿತು. ಸರಿಹೋಯಿತು ಅಂದರೆ ಎಷ್ಟು! ನಾಕಾದ ಸಾಲಿನಲ್ಲಿ ಗಾಡಿ ತಣ್ಣಗೆ ನಿಲ್ಲತೊಡಗಿತು. ಮೊದಲು ನೀರು ಕುದಿಸಿಕೊಂಡು ಬರುತ್ತಿದ್ದದ್ದು ಈಗ ಶಾಣ್ಯಾ ಮಗುವಿನ ಹಾಗೆ ಬಂದು ಗೋಡೆಯ ಪಕ್ಕ ನಿಲ್ಲುತ್ತಿತ್ತು. ತಿರುವಿನ ಭರ್‍ರೆನ್ನುವ ಸದ್ದೂ ಇಲ್ಲವಾಯಿತು. ಇವರು ಬಂದದ್ದು ನನಗೆ ಗೊತ್ತಾಗುವುದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ. ನಾನು ಬಕೇಟು ತುಂಬಿ ಕೆಳಗಿಳಿಯುವಷ್ಟರಲ್ಲಿ ಇವರು ಮೆಟ್ಟಿಲು ಹತ್ತಿ ಬರುತ್ತಿದ್ದರು. "ನೀರ ಬ್ಯಾಡ. ಗಾಡಿ ಆರೇತಿ," ಅನ್ನುವರು. ಬಾಡಿಗೆ ಕೊಡುವವರಿಗೂ ಸುದ್ದಿ ಮುಟ್ಟಿತು, ಈ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲವೆಂದು. ಒಂದು ಖೇಪು ಮುಗಿಯುವುದರೊಳಗೆ ಇನ್ನೊಂದು ಕಾಯುತ್ತಿತ್ತು. ಸಂಜೆ ಬಂದರೆ ಬೆಳಿಗ್ಗೆ ಹೊರಟರು. ನಾನು ಬೇಡಿದ್ದ ವರವೇ ನನ್ನ ಗಂಡನನ್ನು ಎತ್ತಿಕೊಂಡು ಹೋಯಿತು.

ಮೈದುನ ತನ್ನ ಪಂಖವನ್ನು ಹೊಗಳಿಕೊಂಡಾಗೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು. "ವೈನಿ, ಎಷ್ಟು ಮಸ್ತ್ ಕೂಲ್ ಆಗ್ತದ ನೋಡ್ರಿ!" ಅನ್ನುವನು. ನಿನ್ನ ತಲೆ, ಅನ್ನಬೇಕೆನಿಸುತ್ತಿತ್ತು. ಅದರ ಬದಲು ಚಪಾತಿ ಬಡಿಸುತ್ತಿದ್ದೆ.

ದೀಪಾವಳಿ ಕಳೆದ ಒಂದು ಸಂಜೆ. ಇವರು ಮರುದಿನದ ಸಾಮಾನನ್ನೂ ಹೇರಿಸಿಕೊಂಡೇ ಗಾಡಿ ತಂದು ನಿಲ್ಲಿಸಿದ್ದರು. ನಾನು ಹಟದಿಂದ ಬಕೇಟು ಹಿಡಿದು ಕೆಳಗಿಳಿದೆ. ಪಂಖ ಇನ್ನೂ ಸಣ್ಣಗೆ ತಿರುಗುತ್ತಿತ್ತು. "ನೀರ ಬ್ಯಾಡಂತ ಹೇಳಿಲ್ಲೇನು?" ಅಂದರು. ಬಕೇಟು ಕೆಳಗಿಟ್ಟು ಹೇಳಿಯೇಬಿಟ್ಟೆ: "ನೀರ ನಿಮ್ಮ ಗಾಡಿಗಿ ಬ್ಯಾಡ. ನನಗ ನೀವು ಬೇಕಲ್ರಿ! ಈ ಪಂಖಾ ಬಂದಮ್ಯಾಲ ನಿಮ್ಮ ಮಾರಿ ನೋಡೂದ ತಪ್ಪೇತಿ. ಮೊದಲಿನಂಗ ಕುದ್ಯೂದ ಚಲೋ ಇತ್ತು."

ಅಷ್ಟು ಬಾಯಿಬಿಟ್ಟು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಅವರು ಸುಟ್ಟ ಗುರುತಿನ ಮೊಳಕೈ ಉಜ್ಜಿಕೊಳ್ಳುತ್ತಾ ನಿಂತರು. ಮೇಲೆ ಗ್ಯಾಲರಿಯಿಂದ ಅತ್ತೆ, "ರೊಟ್ಟಿ ತಣ್ಣಗಾಗಾಕತ್ತ್ಯಾವ!" ಎಂದು ಕೂಗಿದರು. ಅಷ್ಟರಲ್ಲಿ ಮೈದುನ ಕೆಲಸದಿಂದ ಬಂದ. ಇವರು ಮೆಟ್ಟಿಲ ಕಡೆ ನಡೆಯುತ್ತಾ, ತಿರುಗಿಯೂ ನೋಡದೆ ಅವನಿಗೆ ಹೇಳಿದರು: "ಏ, ಆ ಪಂಖಾ ದೊಡ್ಡದ ಮಾಡಿ ಬಾ."

ಮರುದಿನ ಬೆಳಿಗ್ಗೆ ಇವರು ಅತ್ತೆಗೆ "ಬರ್ತೀನಿ" ಅಂದು ಇಳಿದು ಹೋದರು. ಸ್ವಲ್ಪ ಹೊತ್ತಿಗೇ ನಿಜವಾಗಿಯೂ ಬಂದರು. ಬ್ಯಾಟರಿ ಸತ್ತಿತ್ತು. ಪಂಖ ದೊಡ್ಡ ಗಾಳಿಗೆ ತಿರುಗಿ ತಿರುಗಿ, ಬ್ಯಾಟರಿಯ ಕೊನೆಯ ಹನಿಯನ್ನೂ ಹೀರಿ, ತಾನೂ ನಿಂತಿತ್ತು. ಇಂಥ ಹಳೆಯ ಗಾಡಿಯನ್ನು ಮೂತಿಯಲ್ಲಿ ಹ್ಯಾಂಡಲ್ ತೂರಿಸಿ ತಿರುವಿಯೂ ಎಬ್ಬಿಸಬಹುದು. ಆದರೆ ಹ್ಯಾಂಡಲಿನ ತೂತಿಗೆ ಅಡ್ಡವಾಗಿ ಮೈದುನನ ಚೌಕಟ್ಟು ಕೂತಿತ್ತು! ತಳ್ಳೋಣವೆಂದರೆ ಹೊಟ್ಟೆತುಂಬ ಸಾಮಾನು. ಚಾಳಿನ ಗಂಡಸರೆಲ್ಲ ಕೈಹಚ್ಚಿದ್ದರೆ ಹೊರಡುತ್ತಿತ್ತೇನೋ. ಇವರು ಯಾರನ್ನೂ ಕರೆಯಲಿಲ್ಲ.

"ಬಂದ್ ಮಾಡು ಅಂದ್ರ ಯಾಕೋ ಮಾಡಲಿಲ್ಲ?" ಎಂದು ಅತ್ತೆ ಮೈದುನನ ಮೇಲೆ ಹರಿಹಾಯ್ದರು.

"ಅಣ್ಣ ದೊಡ್ಡದ ಮಾಡು ಅಂದ," ಅಂತ ಅವನು ಅಳುಮೋರೆ ಹಾಕಿದ. "ನಾನು ಸಣ್ಣದರಿಂದ ದೊಡ್ಡದಕ್ಕ ಇಟ್ಟೆ. ಔರ್ ಕ್ಯಾ ಕರ್ತಾ?"

ಅತ್ತೆ ಹಣೆಗೆ ಕೈಹಚ್ಚಿಕೊಂಡು ಕೂತರು. ಬ್ಯಾಟರಿ ಚಾರ್ಜಿಂಗಿಗೆ ಹೋಯಿತು, ಸಂಜೆಯವರೆಗೂ ಸಿಗುವಂತಿರಲಿಲ್ಲ. ಆಗ ಇವರು, ಏನೂ ಅರಿಯದವರ ಹಾಗೆ, ಅವ್ವನಿಗೆ ಹೇಳಿದರು: "ಹೆಂಗೂ ದಿನ ಹೋತು. ಬೊರಿವಲಿಗಿ ಹೋಗಿ ಮಾಮಾನ ಮಾತಾಡಿಸಿ ಬರ್ತೀನಿ. ಇಕಿನೂ ಬರ್ಲಿ. ಮದವಿ ಆದಮ್ಯಾಲ ಅವರ ಮನಿಗಿ ಹೋಗೇ ಇಲ್ಲ." ತವರಿನ ಮಾತು ಬಂದರೆ ಅತ್ತೆ ಬೆಣ್ಣೆ. ತಮ್ಮನಿಗೆಂದು ಶೇಂಗಾ ಚಟ್ನಿಯ ಡಬ್ಬಿಯನ್ನೂ ಕಟ್ಟಿಕೊಟ್ಟರು.

ದಾದರಿನಲ್ಲಿ ಲೋಕಲ್ ಬದಲಿಸಿ ಬೊರಿವಲಿಗೆ ಹೋದೆವು. ಮಾಮಾನ ಮನೆಗೆ ಬೀಗ! ಪಕ್ಕದವರು, ಯಾವುದೋ ಲಗ್ನಕ್ಕೆ ಹೋಗಿದ್ದಾರೆ ಅಂದರು. ನಾವಿಬ್ಬರೂ ಬಹಳ ಬೇಜಾರಾದವರಂತೆ ಆ ಬೀಗವನ್ನೇ ನೋಡುತ್ತಾ ನಿಂತೆವು. ಓಣಿ ತಿರುಗಿದ ಮೇಲೆ ಇವರು ನಕ್ಕರು. ಅದೇ ನಗು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದದ್ದು.

ಸ್ಟೇಷನ್ನಿನ ಆಚೆ ಗುಡ್ಡದ ಕಡೆ ಆಗ ಬರೀ ಮರಗಳು. ಒಂದರ ಬುಡದಲ್ಲಿ ಕೂತು, ಪೇರಲಹಣ್ಣು ಕೊಂಡು, ಮಾಮಾನಿಗೆಂದು ತಂದ ಚಟ್ನಿ ಅದ್ದಿಕೊಂಡು ತಿಂದೆವು. ಹಗಲ ಬೆಳಕಿನಲ್ಲಿ ಅವರ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಎಡಗಡೆಯ ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಕಲೆ ಇತ್ತು; ಮದುವೆಯಾಗಿ ವರ್ಷ ದಾಟಿದರೂ ನನಗದು ಗೊತ್ತಿರಲಿಲ್ಲ. ಅವರು ಏನೇನೋ ಹೇಳಿದರು. ಘಾಟಿಯಲ್ಲಿ ಮಂಜು ಬಿದ್ದಾಗ ಆಗುವ ಭಯ, ನಾಸಿಕದ ಖೇಪಿಗೆ ಇನ್ನೊಬ್ಬ ಡ್ರೈವರ್ ಸಿಕ್ಕರೆ ತಾವು ಮನೆಯ ಕಡೆಯೇ ಉಳಿಯುವ ಆಸೆ. ಮಾತಿನ ನಡುವೆ ತಲೆ ತಗ್ಗಿಸಿ ಅಂದರು: "ನಾಕಾದಾಗ ಸಾಲಿನ್ಯಾಗ ನಿಂತಾಗ ನಿನ್ನ ಕೂಡ ಮಾತಾಡ್ತಿರ್ತೀನಿ. ಕ್ಲೀನರ್ ನನಗ ಹುಚ್ಚ ಅಂತಾನ."

"ಏನಂತ ಮಾತಾಡ್ತೀರಿ?"

"ಏನೂ ಇಲ್ಲ. ಬಾಜೂ ಕುಂದರು ಅಂತೀನಿ."

ಇಷ್ಟು ವರ್ಷಗಳಲ್ಲಿ ನನಗೆ ಬಂಗಾರ ಸಿಕ್ಕಿದೆ, ಸೀರೆ ಸಿಕ್ಕಿವೆ. ಆ ಮಾತಿಗೆ ಸರಿಸಮ ಯಾವುದೂ ಸಿಗಲಿಲ್ಲ.

ತಿರುಗಿ ಬರುವಾಗ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಬೆಳಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿದೆ. "ನಿಮ್ಮ ತಮ್ಮಗ ಯಾವಾಗಲೂ ಬಂದ್ ಕರ್ ಅಂತೀರಿ. ನಿನ್ನಿ ಯಾಕ ದೊಡ್ಡದ ಮಾಡು ಅಂದ್ರಿ?"

ಅವರು ಕಿಟಕಿಯ ಹೊರಗೆ ನೋಡುತ್ತಾ, "ಆರಸು ಅನ್ನಬಾರದಂತ ಅವ್ವ ಹೇಳ್ಯಾಳಲ್ಲ," ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಹುಬ್ಬು, ಆ ಕಲೆಯಿದ್ದ ಹುಬ್ಬು, ನಗುತ್ತಿತ್ತು. ಬೇಕೆಂದೇ ಹೇಳಿದ್ದರು. ಮೈದುನ ತಪ್ಪು ತಿಳಿಯುತ್ತಾನೆಂದು ಗೊತ್ತಿದ್ದೇ ಹೇಳಿದ್ದರು. ನನ್ನ ಕಣ್ಣು ತುಂಬಿಬಂದವು. ಜನ ನೋಡುತ್ತಾರೆಂದು ಚಟ್ನಿಯ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತೆ.

ಮನೆಗೆ ಬಂದರೆ ಅತ್ತೆ ಮೈದುನನನ್ನು ಎದುರು ಕೂರಿಸಿಕೊಂಡು ಪಾಠ ನಡೆಸಿದ್ದರು. ದೀಪ ದೊಡ್ಡದು ಮಾಡು ಅಂದರೇನು, ಅಕ್ಕಿ ಹೆಚ್ಚುವುದು ಅಂದರೇನು, ಬಳೆ ಹೆಚ್ಚುವುದು ಅಂದರೇನು. ಅವನು ತಲೆಯಾಡಿಸುತ್ತಾ ಎಲ್ಲ ಒಪ್ಪಿಸುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಇನ್ನು ಆ ಮಾತನ್ನು ಅವನು ತಪ್ಪು ತಿಳಿಯುವುದಿಲ್ಲ. ಇವರು ನನ್ನ ಕಡೆ ನೋಡಿದರು. ಅವರಿಗೂ ಅದು ತಿಳಿದಿತ್ತು.

ಅದೊಂದೇ ದಿನ. ಮರುದಿನ ಗಾಡಿ ಹೊರಟಿತು, ಆಮೇಲೆ ಹೊರಡುತ್ತಲೇ ಇತ್ತು. ಇನ್ನೊಬ್ಬ ಡ್ರೈವರ್ ಸಿಗಲಿಲ್ಲ. ಮಕ್ಕಳಾದವು, ಮೈದುನನ ಲಗ್ನವಾಯಿತು, ಆ ದಶಕ ಮುಗಿಯುವುದರೊಳಗೆ ಗಾಡಿಯೂ ಗುಜರಿಗೆ ಹೋಯಿತು. ಅದರ ಜಾಗಕ್ಕೆ ಬಂದ ಹೊಸ ಗಾಡಿ ಕುದಿಯುತ್ತಲೇ ಇರಲಿಲ್ಲ.

ಅವರು ಹೋಗಿ ಬಹಳ ವರ್ಷವಾಯಿತು. ಹೋಗಿ ಅನ್ನುತ್ತಿದ್ದೇನೆ, ಅತ್ತೆ ಇದ್ದಿದ್ದರೆ ನೀರು ಕುಡಿಸಿ ಮಾತು ತಿದ್ದಿಸುತ್ತಿದ್ದರು. ಆಸ್ಪತ್ರೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು "ಬರ್ತೀನಿ" ಅಂದೇ ಇಳಿದಿದ್ದರು.

ಈಗ ನಾನಿರುವುದು ಮುಲುಂಡಿನಲ್ಲಿ, ಮಗನ ಮನೆಯಲ್ಲಿ. ಅವರು ಸಾಲಿನಲ್ಲಿ ನಿಂತು ನನ್ನ ಕೂಡ ಮಾತಾಡುತ್ತಿದ್ದ ನಾಕಾ ಇಲ್ಲಿಂದ ದೂರವಿಲ್ಲ. ಮೊನ್ನೆ ಮಧ್ಯಾಹ್ನ ಸ್ವಲ್ಪ ಚಳಿಯೆನಿಸಿತು. ಮೊಮ್ಮಗಳಿಗೆ, "ಆ ಪಂಖಾ ದೊಡ್ಡದ ಮಾಡವಾ," ಅಂದೆ. ಅವಳು ಮೊಬೈಲಿನಿಂದ ತಲೆಯೆತ್ತದೆ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿ ಹೊರಟುಹೋದಳು. ಗಾಳಿ ಭರ್‍ರೆಂದು ಸುರಿಯಿತು. ಕರೆದು ಬಂದ್ ಮಾಡು ಅನ್ನಬಹುದಿತ್ತು. ಅನ್ನಲಿಲ್ಲ. ಸೆರಗು ಹೊದ್ದು, ಮಂಚದ ಮೇಲೆ ಸ್ವಲ್ಪ ಸರಿದು, ಬಾಜೂ ಜಾಗ ಮಾಡಿಕೊಂಡು ಕೂತೆ.